ಪಾಲನಾ ಮಂಡಳಿ ಸಭೆಯಲ್ಲಿ ಬರೀ ಹಾಲ್, ಲೈಟಿಂಗ್, ಬಾಡಿಗೆ. ಇಗರ್ಜಿ (ಚರ್ಚ್) ಇರುವುದು ಯಾತಕ್ಕೆ?

ಗೇರುಗುಡ್ಡೆ
ಎಲ್ಲರಿಗೂ ನಮಸ್ಕಾರ. ನಮ್ಮದು ಮಂಜೇಶ್ವರ ತಾಲೂಕಿನ ಒಳಗಡೆಯ ಸಣ್ಣ ಕೆಥೋಲಿಕ ಇಗರ್ಜಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರ ಪೂಜೆ ಮುಗಿದ ಕೂಡಲೇ ಗೇಟಿನ ಹತ್ತಿರ ನನ್ನ ವಿಚಾರಣೆ ಶುರುವಾಗುತ್ತದೆ.

ಈ ಸಲ ಇಗರ್ಜಿಯ ನಮ್ಮ ವಾರ್ಡಿಗೆ (ಅಕ್ಕಪಕ್ಕದ ಮನೆಗಳ ಗುಂಪಿಗೆ) ಗುರಿಕಾರನಾಗಿ, ಅಂದರೆ ಮುಖಂಡನಾಗಿ, ನನ್ನನ್ನು ಆರಿಸಿದ್ದಾರೆ. ಹಾಗಾಗಿ ಪಾಲನಾ ಮಂಡಳಿ ಸಭೆಗೆ ಹೋಗುತ್ತಿದ್ದೇನೆ. ಸಭೆಯಲ್ಲಿ ಏನು ಮಾತಾಗುತ್ತದೆ ಗೊತ್ತುಂಟಾ? ಹಾಲಿನ ಶೀಟು ಬದಲಿಸುವುದು, ಹಾಲಿನ ಬಾಡಿಗೆ ಹೆಚ್ಚಿಸುವುದು, ಮದುವೆಯವರು ಮುರಿದ ಕುರ್ಚಿಗೆ ದಂಡ ಹಾಕುವುದು, ವಾರ್ಷಿಕ ಹಬ್ಬಕ್ಕೆ ಯಾವ ಬ್ಯಾಂಡು, ಗೋಪುರಕ್ಕೆ ಎಷ್ಟು ಸಾಲು ಲೈಟು, ಸ್ಮರಣ ಸಂಚಿಕೆಗೆ ಯಾರಿಂದ ಜಾಹೀರಾತು. ಕೊನೆಗೆ ಎಲ್ಲರೂ ವಾಚು ನೋಡುವ ಹೊತ್ತಿಗೆ ‘ಇತರ ವಿಷಯ’ ಅಂತ ಬರುತ್ತದೆ. ಹಾಸಿಗೆ ಹಿಡಿದವರು, ಪೂಜೆಗೆ ಬರುವುದು ಬಿಟ್ಟವರು, ದೊತೊರ್ನ್ (ಮಕ್ಕಳ ಧರ್ಮಬೋಧನೆ) ಕ್ಲಾಸಿಗೆ ಟೀಚರ್ ಇಲ್ಲದ್ದು, ಎಲ್ಲ ಆ ‘ಇತರ’ದೊಳಗೆ. ಹಳೆಯ ಮಿನಿಟ್ಸ್ ಪುಸ್ತಕ ತಿರುವಿ ನೋಡಿದೆ. ಅದರಲ್ಲೂ ಇದೇ ಕಥೆ. ಅಕ್ಷರ ಮಾತ್ರ ಬೇರೆಯವರದ್ದು.

ಹಾಲ್ ಬೇಡ ಎನ್ನುವವನಲ್ಲ ನಾನು. ನನ್ನ ಮದುವೆ ಊಟವೂ ಅಲ್ಲೇ ಆದದ್ದು. ಆದರೆ ಇಗರ್ಜಿ ತನ್ನ ಮೂಲ ಕೆಲಸ ಮರೆಯದ ಹಾಗೆ ನೋಡಿಕೊಳ್ಳುವುದು ಹೇಗೆ? ನಿಮ್ಮ ಕಡೆ ಎಂತ ಮಾಡುತ್ತೀರಿ?

ಕುಂಬಳೆ_ಕಡಲು
ಹೌಸಿ ಹೌಸಿಯನ್ನು (ನಂಬರ್ ಆಟ) ಲಿಸ್ಟಿನಲ್ಲಿ ಬಿಟ್ಟಿರಲ್ಲ ಮಾರಾಯ್ರೇ!

ಲೆಕ್ಕದ_ಪೊರ್ಬು
ನಾನು ಹಣಕಾಸು ಸಮಿತಿಯಲ್ಲಿ ಇರುವವನು, ಹಾಗಾಗಿ ನನ್ನ ಕಡೆಯಿಂದಲೂ ಸ್ವಲ್ಪ ಕೇಳಿ. ಇಗರ್ಜಿಯ ಮಾಡು ಸೋರಿದರೆ ಫೋನ್ ಬರುವುದು ನನಗೆ. ಕರೆಂಟ್ ಬಿಲ್ಲು, ಮಿರೊಣ್ (ಇಗರ್ಜಿಯ ಕೆಲಸದವರ) ಸಂಬಳ, ಸಿಮಿತ್ರಿಯ (ಸ್ಮಶಾನದ) ಗೋಡೆ, ಬಾವಿಯ ಪಂಪು, ಇವೆಲ್ಲ ಪ್ರಾರ್ಥನೆ ಮಾಡಿದರೆ ಸರಿಯಾಗುವುದಿಲ್ಲ. ಕಾಸರಗೋಡಿನ ಮಳೆಗಾಲ ಒಂದು ಕಳೆದರೆ ಸಾಕು, ಬಣ್ಣ ಹಚ್ಚಿದ ಗೋಡೆ ಪಾಚಿ ಹಿಡಿದು ಕಪ್ಪಾಗುತ್ತದೆ.

ಇನ್ನೊಂದು ವಿಷಯ. 1983ರ ಕೆಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ನಿಯಮ 537 ಓದಿ. ಪ್ರತಿ ಇಗರ್ಜಿಗೂ ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಮಂಡಳಿಯ ವಿಷಯ 536ರಲ್ಲಿ ಉಂಟು. ಅದು ಬಿಷಪರಿಗೆ ಸರಿ ಕಂಡರೆ ಮಾತ್ರ, ಅದಕ್ಕೂ ಬರೀ ಸಲಹೆ ಕೊಡುವ ಅಧಿಕಾರ. ಅಂದರೆ ರೋಮಿನವರಿಗೂ ಲೆಕ್ಕಾಚಾರದ ಬೆಲೆ ಗೊತ್ತುಂಟು.

ದೊತೊರ್ನ್_ಬಾಯಿ
ಪೊರ್ಬುಗಳೇ, ನಿಯಮ ತೆಗೆದದ್ದು ಒಳ್ಳೆಯದಾಯಿತು. ಆದರೆ 537ಕ್ಕೇ ನಿಂತಿರಿ. ಅದೇ ಪುಸ್ತಕದಲ್ಲಿ 1254 ನೋಡಿ. ಧರ್ಮಸಭೆ ಆಸ್ತಿ ಇಟ್ಟುಕೊಳ್ಳುವುದು ಯಾತಕ್ಕೆ ಅಂತ ಅಲ್ಲಿ ಬರೆದಿದೆ. ದೇವಾರಾಧನೆ ನಡೆಸಲಿಕ್ಕೆ, ಗುರುಗಳ ಮತ್ತು ಇತರ ಸೇವಕರ ಜೀವನಕ್ಕೆ, ಸುವಾರ್ತೆಯ ಕೆಲಸಕ್ಕೆ ಮತ್ತು ದಾನಧರ್ಮಕ್ಕೆ, ಅದರಲ್ಲೂ ಬಡವರಿಗೆ. ಗೋಪುರದ ಲೈಟು ಇದರಲ್ಲಿ ಯಾವ ಸಾಲಿಗೆ ಬರುತ್ತದೆ ಅಂತ ನೀವೇ ಹೇಳಿ.

ಇನ್ನು 528, 529. ಅದು ವಿಗಾರರ (ಇಗರ್ಜಿಯ ಮುಖ್ಯ ಗುರುಗಳ) ಕೆಲಸದ ಪಟ್ಟಿ. ದೇವರ ವಾಕ್ಯ ಎಲ್ಲರಿಗೂ ತಲುಪಬೇಕು, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಇಗರ್ಜಿಯ ನಡುಮಧ್ಯೆ ಇರಬೇಕು, ಮನೆ ಮನೆಗೆ ಹೋಗಬೇಕು, ಕಾಯಿಲೆಯವರು, ಬಡವರು, ಒಂಟಿಯಾದವರು, ಊರು ಬಿಟ್ಟು ಬಂದವರು, ಇವರನ್ನು ಹುಡುಕಿಕೊಂಡು ಹೋಗಿ ನೋಡಬೇಕು. ಹಾಲಿನ ಕುರ್ಚಿ ಎಣಿಸಬೇಕು ಅಂತ ಎಲ್ಲೂ ಇಲ್ಲ. ಪಾಪ, ನಮ್ಮ ಫಾದರ್ ಮೊನ್ನೆ ಅದನ್ನೇ ಮಾಡುತ್ತಿದ್ದರು.

ಲೆಕ್ಕದ_ಪೊರ್ಬು
ಕುರ್ಚಿ ಎಣಿಸಲಿಕ್ಕೆ ಬೇರೆ ಯಾರೂ ಬರುವುದಿಲ್ಲ ಬಾಯಿ. ಅದೇ ಸಮಸ್ಯೆ.

ಹರಾಜಿನ_ಬಸಳೆ
ನಾವು ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟಂಟರು, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ನಿಮ್ಮಲ್ಲಿ ಹಾಲ್ ಆದರೆ ನಮ್ಮಲ್ಲಿ ಜಾಗ. ಸಭೆಯ (ಚರ್ಚಿಗೆ ನಾವು ಹೇಳುವುದು ಹಾಗೆ) ಹಳೆಯ ಜಾಗಗಳ ವಿಷಯ ಬಂದರೆ ಸಾಕು, ಕೂಟ ರಾತ್ರಿಯವರೆಗೆ ಎಳೆಯುತ್ತದೆ.

ಆದರೂ ನಮ್ಮ ಹಿರಿಯರ ಕಥೆಯಲ್ಲಿ ಇಲ್ಲಿಗೆ ಬೇಕಾದ ಒಂದು ಸಂಗತಿ ಉಂಟು. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲಿಕ್ಕೆ. ಕ್ರೈಸ್ತರಾದವರು ಜಾತಿಯಿಂದ ಹೊರಗಾದರು, ಗೇಣಿಯ ಗದ್ದೆ ಹೋಯಿತು, ಹೊಟ್ಟೆಗಿಲ್ಲ. ಅದಕ್ಕೆ ನೇಯ್ಗೆ ಬಂತು, ಮುದ್ರಣಾಲಯ ಬಂತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಬಂತು. ಕಾರ್ಖಾನೆ ದೊಡ್ಡದಾಗುತ್ತಾ ಹೋಯಿತು. ಅಲ್ಲಿನ ಹಂಚು ಊರೂರಿಗೆ ಹೋಯಿತು. ಆಮೇಲೆ ಮೊದಲ ಮಹಾಯುದ್ಧ. ಜರ್ಮನಿಯವರು ಅಂತ ಬ್ರಿಟಿಷರು ಮಿಶನರಿಗಳನ್ನು ಹಿಡಿದಿಟ್ಟರು, ಕಾರ್ಖಾನೆಗಳು ಮಿಶನ್ನಿನ ಕೈ ತಪ್ಪಿದವು. ಸಭೆಗಳು ಮಾತ್ರ ಉಳಿದವು. ಹಾಡು, ಬೈಬಲ್, ಭಾನುವಾರದ ಆರಾಧನೆ ನಿಲ್ಲಲಿಲ್ಲ.

ಹಾಗಂತ ಕಾರ್ಖಾನೆ ತಪ್ಪಾಗಿತ್ತು ಅನ್ನುವುದಿಲ್ಲ. ಅದು ಒಬ್ಬನ ಹಸಿವಿಗೆ ಉತ್ತರವಾಗಿ ಬಂದದ್ದು. ನಿಮ್ಮ ಹಾಲ್ ಯಾರ ಯಾವ ಕಷ್ಟಕ್ಕೆ ಉತ್ತರ ಅಂತ ಕೇಳಿ ನೋಡಿ.

ಕುಂಬಳೆ_ಕಡಲು
ಹಾಲ್ ಮದುವೆ ಖರ್ಚಿಗೆ ಉತ್ತರ. ಪೇಟೆಯ ಹಾಲಿನ ಬಾಡಿಗೆ ಕೇಳಿದ್ದೀರಾ? ಬಡವನ ಮಗಳ ಮದುವೆಗೆ ಇಗರ್ಜಿಯ ಹಾಲೇ ಗತಿ.

ಗೇರುಗುಡ್ಡೆ
ಅದು ಒಪ್ಪುವ ಮಾತು. ಆದರೆ ನಮ್ಮಲ್ಲಿ ಬಡವನಿಗೂ ಗಲ್ಫಿನವನಿಗೂ ಒಂದೇ ರೇಟು! ರಿಯಾಯಿತಿ ಕೊಡಬೇಕು ಅಂತ ನಾನು ಹೇಳಿದ್ದಕ್ಕೆ ‘ಮುಂದಿನ ಸಭೆಗೆ ನೋಡುವ’ ಅಂದರು.

ಜೀವಜಲ_ಉಪ್ಪಳ
ಸಹೋದರರೇ, ಬೇಸರ ಮಾಡಬೇಡಿ. ನಾನೂ ಮೊದಲು ನಿಮ್ಮ ಇಗರ್ಜಿಯವನೇ, ಈಗ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ. ಬೈಬಲಿನ ಅಪೊಸ್ತಲರ (ಏಸುವಿನ ಶಿಷ್ಯರ) ಕೃತ್ಯಗಳು 2:42ರಲ್ಲಿ ನಾಲ್ಕೇ ಕೆಲಸ. ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಬ್ಯಾಂಡ್ ಇಲ್ಲ, ಲೈಟು ಇಲ್ಲ, ಸಂಚಿಕೆ ಇಲ್ಲ. 6ನೇ ಅಧ್ಯಾಯದಲ್ಲಿ ಊಟ ಬಡಿಸುವ ಕೆಲಸ ಬಂದಾಗ ಅಪೊಸ್ತಲರು ಅದು ತಮ್ಮ ಕೆಲಸವಲ್ಲ ಅಂತ ಬಿಟ್ಟರು. ನಿಮ್ಮಲ್ಲಿ ದೇವರ ವಾಕ್ಯಕ್ಕೆ ಸಮಯವೇ ಇಲ್ಲ.

ದೊತೊರ್ನ್_ಬಾಯಿ
ಬಿಟ್ಟರು ಅಂತ ಎಲ್ಲಿ ಬರೆದಿದೆ ಮಗಾ? ಪೂರ್ತಿ ಓದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುವುದಿಲ್ಲ ಅಂತ ಗಲಾಟೆ ಆಯಿತು. ಪ್ರೇಷಿತರು (ನೀನು ಹೇಳುವ ಅಪೊಸ್ತಲರು) ಅದನ್ನು ‘ಇತರ ವಿಷಯ’ಕ್ಕೆ ಹಾಕಲಿಲ್ಲ. ಎಲ್ಲರನ್ನೂ ಕರೆದು ಒಳ್ಳೆಯ ಹೆಸರಿರುವ, ಪವಿತ್ರಾತ್ಮ ತುಂಬಿದ ಏಳು ಜನರನ್ನು ಆರಿಸಲು ಹೇಳಿದರು. ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೆಲಸ ಒಪ್ಪಿಸಿದರು. ಆ ಏಳರಲ್ಲಿ ಮೊದಲ ಹೆಸರು ಸ್ತೇಫನ. ಮುಂದಿನ ಅಧ್ಯಾಯದಲ್ಲಿ ಅಷ್ಟುದ್ದ ಪ್ರಸಂಗ ಮಾಡಿ, ಕಲ್ಲೇಟು ತಿಂದು ಸತ್ತವನು ಅವನೇ. ಊಟ ಬಡಿಸುವವನಿಗೂ ವಾಕ್ಯ ಗೊತ್ತಿತ್ತು.

ಮತ್ತೆ, ನಮ್ಮ ಭಾನುವಾರದ ಪೂಜೆಯಲ್ಲಿ ಎರಡು ವಾಚನ, ನಡುವೆ ಕೀರ್ತನೆ, ಆಮೇಲೆ ಶುಭಸಂದೇಶ (ಸುವಾರ್ತೆ). ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಹೊರಗೆ ಜಗಲಿಯಲ್ಲಿ ನಿಂತು ಮೊಬೈಲ್ ನೋಡುವವನಿಗೆ ಅದು ಕೇಳದಿದ್ದರೆ ಇಗರ್ಜಿ ಏನು ಮಾಡಬೇಕು?

ಜೀವಜಲ_ಉಪ್ಪಳ
ಬಾಯಿ, ನಾನು ಒಳಗೇ ಕೂರುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಗೆ ಯಾರೂ ಬರಲಿಲ್ಲ. ವಂತಿಗೆ ಬಾಕಿ ಉಂಟು ಅಂತ ಚೀಟಿ ಬಂತು. ಅಷ್ಟೇ ಬಂದದ್ದು. ಕೂಟದವರು ಮಾತ್ರ ಪ್ರತಿ ವಾರ ಬಂದರು.

ದೊತೊರ್ನ್_ಬಾಯಿ
ಇದಕ್ಕೆ ಎದುರು ಮಾತಿಲ್ಲ ಮಗಾ. ಚೀಟಿ ಕಳಿಸಿದವರಿಗೆ ನಾಚಿಕೆ ಆಗಬೇಕು.

ಪೆರ್ಲದ_ನರ್ಸಕ್ಕ
ತಡವಾಗಿ ಬಂದೆ, ಡ್ಯೂಟಿ ಇತ್ತು. ನಾನು ಪಂಚಾಯತಿನ ಪಾಲಿಯೇಟಿವ್ (ವಾಸಿಯಾಗದ ಕಾಯಿಲೆಯವರ ಆರೈಕೆ) ತಂಡದ ಜೊತೆ ಮನೆ ಮನೆಗೆ ಹೋಗುವವಳು. ಕೇರಳ ಸರಕಾರ 2008ರಲ್ಲಿ ಇದಕ್ಕಾಗಿಯೇ ನೀತಿ ಮಾಡಿದೆ. ಹಾಗಾಗಿ ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುವುದು ನಮ್ಮ ಕಡೆ ಹೊಸತಲ್ಲ.

ಮೊದಲ ಶುಕ್ರವಾರ ಫಾದರ್ ಕಾಯಿಲೆಯವರಿಗೆ ಪರಮಪ್ರಸಾದ ತರುತ್ತಾರಲ್ಲ, ಒಂದು ಸಲ ನಾನು ಅದೇ ಹೊತ್ತಿಗೆ ಒಂದು ಮನೆಯಲ್ಲಿದ್ದೆ. ಅಜ್ಜಿ ಬೆಳಗ್ಗಿನಿಂದ ಕಾಯುತ್ತಿದ್ದರು. ಸ್ಟೂಲಿನ ಮೇಲೆ ಇಸ್ತ್ರಿ ಹಾಕಿದ ಬಿಳಿ ಬಟ್ಟೆ, ಶಿಲುಬೆ, ಎರಡು ಮೊಂಬತ್ತಿ, ಸ್ಟೀಲಿನ ಲೋಟದಲ್ಲಿ ನೀರು. ಫ್ಯಾನ್ ಹಾಕಿದರೆ ಮೊಂಬತ್ತಿ ಆರುತ್ತದೆ ಅಂತ ಸೆಕೆಯಲ್ಲೇ ಬೆವರುತ್ತಾ ಕೂತಿದ್ದರು. ಡ್ರೆಸ್ಸಿಂಗ್ ಬದಲಿಸಲು ನನ್ನನ್ನು ಬಿಡಲಿಲ್ಲ, ‘ಮೊದಲು ಅದು ಆಗಲಿ’ ಅಂದರು. ಫಾದರ್ ಬಂದರು, ಕೊಟ್ಟರು, ತಲೆ ಮೇಲೆ ಕೈ ಇಟ್ಟರು, ಹೋದರು. ಮುಂದೆ ಇನ್ನೂ ತುಂಬಾ ಮನೆ ಇತ್ತು ಅವರಿಗೆ. ಆಮೇಲೆ ಅಜ್ಜಿ ನನ್ನ ಹತ್ತಿರ ಕೇಳಿದ್ದು, ‘ಹಬ್ಬ ಯಾವಾಗ ಅಂತ ಹೇಳಿದರಾ? ನನ್ನನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರಾ?’

ಅಂದರೆ ಅವರಿಗೆ ಹಬ್ಬವೂ ಬೇಕು. ಬ್ಯಾಂಡೂ ಬೇಕು. ಕರೆದುಕೊಂಡು ಹೋಗುವ ಜನ ಇಲ್ಲ, ಅಷ್ಟೇ.

ಇನ್ನೊಂದು ಮಾತು. ಎಣ್ಮಕಜೆ ಕಡೆ ಗೇರು ತೋಟಕ್ಕೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ನಿಮಗೆಲ್ಲ ಗೊತ್ತು. ಆಗ ಮಕ್ಕಳಾಗಿದ್ದವರು ಈಗ ದೊಡ್ಡವರಾಗಿ ಹಾಸಿಗೆಯಲ್ಲಿದ್ದಾರೆ, ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಗಿದೆ. ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಮತ್ತಾಯ 25 (ಕಾಯಿಲೆಯವರನ್ನು ನೋಡಿಕೊಂಡದ್ದು ನನ್ನನ್ನೇ ನೋಡಿಕೊಂಡ ಹಾಗೆ ಅಂತ ಏಸು ಹೇಳುವ ಅಧ್ಯಾಯ) ಓದುವವರು ಅಲ್ಲಿಗೆ ಹೋಗಿ ಅರ್ಧ ದಿನ ಕೂತರೆ ಆ ತಾಯಿಗೆ ಸಂತೆಗಾದರೂ ಹೋಗಿ ಬರಲಿಕ್ಕಾಗುತ್ತದೆ.

ಮಸ್ಕತ್_ಮೊಗೇರ್
ನರ್ಸಕ್ಕ, ಓದಿ ಸುಮ್ನೆ ಕೂತೆ ಸ್ವಲ್ಪ ಹೊತ್ತು.

ನಾನು ಗಲ್ಫಿನಲ್ಲಿರುವವನು. ಊರಿನ ಇಗರ್ಜಿಯಿಂದ ನಮಗೆ ಬರುವ ಮೆಸೇಜ್ ಒಂದೇ ತರದ್ದು. ಹಾಲಿಗೆ ಇಷ್ಟು, ಗ್ರೊಟ್ಟೋಗೆ (ಮರಿಯಮ್ಮನ ಗುಹೆಗೆ) ಇಷ್ಟು, ಹೆಸರು ಗ್ರಾನೈಟಿನಲ್ಲಿ ಕೆತ್ತಿಸುತ್ತೇವೆ. ‘ನಿಮ್ಮ ಅಮ್ಮನನ್ನು ನೋಡಿ ಬಂದೆವು, ಚೆನ್ನಾಗಿದ್ದಾರೆ’ ಅಂತ ಒಂದು ಫೋಟೋ ಕಳಿಸಿದರೆ ನಾನು ಹಾಲಿಗೆ ಎರಡರಷ್ಟು ಕೊಡುತ್ತಿದ್ದೆ, ಸತ್ಯವಾಗಿ.

ಲೆಕ್ಕದ_ಪೊರ್ಬು
ಆ ಫೋಟೋ ಐಡಿಯಾ ಕೆಟ್ಟದ್ದಲ್ಲ!

ದೊತೊರ್ನ್_ಬಾಯಿ
ಪೊರ್ಬು, ದುಡ್ಡಿಗಾಗಿ ಮುದುಕಿಯರ ಫೋಟೋ ತೆಗೆಯುವ ಯೋಜನೆ ಮಾಡಬೇಡಿ ಈಗ.

ಸೀಮೆಗೋಡೆ
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಭಾಷೆ. ನಮ್ಮ ಇಗರ್ಜಿಯಲ್ಲಿ ಕೊಂಕಣಿ ಪೂಜೆ. ಮಕ್ಕಳು ಮಲಯಾಳಂ ಅಥವಾ ಇಂಗ್ಲಿಷ್ ಮೀಡಿಯಂ. ಹಳಬರಲ್ಲಿ ಕೆಲವರು ಕನ್ನಡದಲ್ಲೇ ಪ್ರಾರ್ಥನೆ ಕಲಿತವರು. ಮನೆಯಲ್ಲಿ ತುಳು. ಪ್ರವಚನ ಅರ್ಥವಾಗದಿದ್ದರೆ ಮೂಲ ಉದ್ದೇಶ ಯಾರಿಗೆ ತಲುಪಿತು? 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದು, ಧರ್ಮಪ್ರಾಂತ್ಯ (ಬಿಷಪರ ಆಡಳಿತದ ಪ್ರದೇಶ) ಮಾತ್ರ ಈಗಲೂ ಮಂಗಳೂರೇ. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ಕುಂಬಳೆ_ಕಡಲು
ಶುರುವಾಯಿತು.

ಮಲೆಯ_ರಬ್ಬರ್
ನಾವು ಪೂರ್ವದ ಗುಡ್ಡದವರು. ರಾಜಪುರಂ ಕಡೆಗೆ 1943ರಲ್ಲಿ ತಿರುವಾಂಕೂರಿನಿಂದ ಬಂದವರ ಹಾಗೆ ನಮ್ಮ ಅಜ್ಜನೂ ದಕ್ಷಿಣದಿಂದ ಗುಡ್ಡ ಹತ್ತಿದವರು. ನಮ್ಮಲ್ಲಿ ಮಲಯಾಳಂ ಪೂಜೆ. ಭಾಷೆಯ ಜಗಳ ಇಲ್ಲ. ಆದರೂ ಹಾಲ್, ಬ್ಯಾಂಡ್, ಲೈಟಿಂಗ್ ಎಲ್ಲ ಉಂಟು. ಹಾಗಾಗಿ ಭಾಷೆಯ ಮೇಲೆ ಹಾಕಬೇಡಿ.

ಸೀಮೆಗೋಡೆ
ನಿಮಗೆ ಜಗಳ ಇಲ್ಲದ್ದು ನಿಮ್ಮದು ಒಂದೇ ಭಾಷೆಯಾದ್ದರಿಂದ. ನಮ್ಮ ಕಡೆ ಒಂದು ಬೆಂಚಿನಲ್ಲಿ ನಾಲ್ಕು ಭಾಷೆ ಕೂತಿರುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕೆಥೋಲಿಕ ಬಿಷಪರ ಸಭೆ) ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದದ್ದು 1963ರಲ್ಲಿ. ಯಾವ ಜನ, ಯಾವ ಭಾಷೆ ಅಂತ ನಾವು ಇನ್ನೂ ಚರ್ಚೆ ಮಾಡುತ್ತಿದ್ದೇವೆ.

ನಿರ್ವಾಹಕ
ಭಾಷೆಯ ಚರ್ಚೆಗೆ ಬೇರೆ ಎಳೆ ಉಂಟು, ಅಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಕಣಿಪುರದ_ಭಟ್ರು
ನಾನು ಕ್ರೈಸ್ತನಲ್ಲ, ಆದರೂ ಬಾಯಿ ಹಾಕುತ್ತೇನೆ. ನಮ್ಮ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಬನ್ನಿ ಒಮ್ಮೆ. ರಶೀದಿ ಪುಸ್ತಕ ಮಾತ್ರ ಬೇರೆ, ಸಭೆ ಇದೇ. ಬ್ರಹ್ಮಕಲಶ ಮುಗಿದ ಮೇಲೆ ನಿತ್ಯಪೂಜೆಗೆ ಬರುವವರು ಅರ್ಚಕರು ಮತ್ತು ಒಂದು ಬೆಕ್ಕು.

ನಮ್ಮ ಮಂಜೇಶ್ವರದ ಕವಿ ಗೋವಿಂದ ಪೈಗಳು ನೋಡಿ, ಕ್ರೈಸ್ತರಲ್ಲ. ಆದರೂ ಏಸುವಿನ ಬಗ್ಗೆ ಕಾವ್ಯ ಬರೆಯಲು ಹೊರಟಾಗ ನೇರ ಶಿಲುಬೆಯ ದಿನಕ್ಕೇ ಹೋದರು. ಹೊರಗಿನವನಿಗೆ ನಡು ಎಲ್ಲಿ ಅಂತ ಬೇಗ ಕಾಣುತ್ತದೋ ಏನೋ.

ಗೇರುಗುಡ್ಡೆ
ಭಟ್ರೇ, ಬೆಕ್ಕು ನಮ್ಮಲ್ಲೂ ಉಂಟು. ವಾರದ ದಿನದ ಪೂಜೆಗೆ ತಪ್ಪದೆ ಬರುತ್ತದೆ.

ಎರಡನೇ_ಸಾಲು
2020ರ ಕೊರೋನಾ ಕಾಲ ನೆನಪು ಮಾಡಿಕೊಳ್ಳಿ. ಮಾರ್ಚಿನಲ್ಲಿ ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿದರು. ಏಪ್ರಿಲ್ 12ಕ್ಕೆ ಪಾಸ್ಖ (ಈಸ್ಟರ್), ಇಗರ್ಜಿಗೆ ಬೀಗ. ಹಾಲ್ ಇಲ್ಲ, ಹಬ್ಬ ಇಲ್ಲ. ಮನೆಯಲ್ಲಿ ಎಲ್ಲರೂ ಸೇರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿದೆವು, ಪಕ್ಕದ ಮನೆಗೆ ಅಕ್ಕಿ ಕೊಟ್ಟೆವು. ನನಗೆ ಅನ್ನಿಸುವುದು, ಆಗ ಉಳಿದದ್ದೇ ನಿಜವಾದ ಇಗರ್ಜಿ.

ಮಲೆಯ_ರಬ್ಬರ್
ಇದು ಕೇಳಲಿಕ್ಕೆ ಚಂದ. ಆದರೆ ಆಗ ಬಲಿಪೂಜೆಯನ್ನು ಫೋನಿನಲ್ಲಿ ನೋಡಿದೆವು, ಪರಮಪ್ರಸಾದ ಸಿಗಲಿಲ್ಲ. ನಡುವೇ ಇಲ್ಲದ ಕಾಲವನ್ನು ಮಾದರಿ ಮಾಡಬೇಡಿ. ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಒದ್ದಾಡಿದವರ ಮನೆಯವರಿಗೆ ಆ ದಿನಗಳನ್ನು ಹೊಗಳಿ ಹೇಳಿ ನೋಡಿ.

ಹರಾಜಿನ_ಬಸಳೆ
ಸರಿಯಾದ ಮಾತು. ಜನ ಸೇರುವುದೂ ಮೂಲ ಕೆಲಸದ ಒಳಗೇ ಬರುತ್ತದೆ. ನಮ್ಮ ಕೊಯ್ಲಿನ ಹಬ್ಬದ ಹರಾಜು ನೋಡಿ. ಒಬ್ಬ ಅಜ್ಜಿ ಒಂದು ಕಟ್ಟು ಬಸಳೆ ತರುತ್ತಾರೆ, ಒಬ್ಬರು ನೂರು ಅನ್ನುತ್ತಾರೆ, ಇನ್ನೊಬ್ಬರು ಐನೂರು, ಕೊನೆಗೆ ಕೊಂಡವರು ಅದನ್ನು ಅಜ್ಜಿಗೇ ವಾಪಸ್ ಕೊಡುತ್ತಾರೆ, ಅಜ್ಜಿ ಮತ್ತೆ ಹರಾಜಿಗೆ ಹಾಕುತ್ತಾರೆ. ಎಲ್ಲರೂ ನಗುತ್ತಾರೆ. ಆ ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ. ಇದನ್ನು ತೆಗೆದು ಬರೀ ಪ್ರಸಂಗ ಇಟ್ಟರೆ ಸಭೆ ಶುದ್ಧವಾಗುತ್ತದಾ? ನನಗೆ ನಂಬಿಕೆ ಇಲ್ಲ.

ಪ್ರೊಟೆಸ್ಟಂಟ್ ಸುಧಾರಕ ಲುಥೆರನ ಕಡೆಯವರು 1530ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹೇಳಿದ್ದು ಇಷ್ಟೇ: ಸುವಾರ್ತೆ ಶುದ್ಧವಾಗಿ ಸಾರಬೇಕು, ಸಂಸ್ಕಾರಗಳು ಸರಿಯಾಗಿ ನಡೆಯಬೇಕು, ಅಲ್ಲಿ ಸಭೆ ಉಂಟು. ಆಚಾರಗಳು ಎಲ್ಲ ಕಡೆ ಒಂದೇ ತರ ಇರಬೇಕೆಂದಿಲ್ಲ. ಬಸಳೆ ಆ ಆಚಾರದ ಲೆಕ್ಕಕ್ಕೆ.

ತೆನೆಹಬ್ಬ
ಹಬ್ಬದ ಮಾತು ಬಂತಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮರಿಯಮ್ಮನ ಹುಟ್ಟುಹಬ್ಬ, ನಮಗೆ ತೆನೆಹಬ್ಬ) ತೆನೆ ಎಲ್ಲಿಂದ ತರುತ್ತೀರಿ ನೀವೆಲ್ಲ? ನಮ್ಮೂರಿನ ಗದ್ದೆಯೆಲ್ಲ ಅಡಿಕೆ ತೋಟ ಆಗಿದೆ. ಈ ಸಲ ದೂರದಿಂದ ದುಡ್ಡು ಕೊಟ್ಟು ತಂದದ್ದು. ಮಕ್ಕಳು ಹೂ ಹಾಕಿದರು, ಫಾದರ್ ಆಶೀರ್ವಾದ ಮಾಡಿದರು, ಮನೆಯಲ್ಲಿ ಹಾಲಿಗೆ ಹಾಕಿ ಕುಡಿದೆವು.

ಕುಂಬಳೆ_ಕಡಲು
ಮುಂದೆ ಅಡಿಕೆ ಸಿಂಗಾರವನ್ನೇ ಆಶೀರ್ವಾದ ಮಾಡಿಸುವ ಬಿಡಿ.

ಐಸಿವೈಎಂ_ಹುಡುಗಿ
ನಾನು ಐಸಿವೈಎಂ (ಕೆಥೋಲಿಕ ಯುವ ಸಂಘಟನೆ) ಯೂತ್. ಹಿರಿಯರು ಬೇಸರ ಮಾಡಬೇಡಿ. ಯುವಕರು ಇಗರ್ಜಿಗೆ ಬರುವುದಿಲ್ಲ ಅಂತ ಎಲ್ಲ ಸಭೆಯಲ್ಲೂ ಹೇಳುತ್ತೀರಿ. ಬಂದರೆ ನಮಗೆ ಕೊಡುವ ಕೆಲಸ ಎಂತ? ಪಾರ್ಕಿಂಗ್, ಬಡಿಸುವುದು, ತೋರಣ ಕಟ್ಟುವುದು. ಬೈಬಲ್ ಬಗ್ಗೆ, ನಮ್ಮ ಸಂಶಯಗಳ ಬಗ್ಗೆ ಕೂತು ಮಾತಾಡಿದವರು ಯಾರೂ ಇಲ್ಲ. ದೃಢೀಕರಣ (ದೀಕ್ಷಾಸ್ನಾನ ಪಡೆದವರ ವಿಶ್ವಾಸ ಗಟ್ಟಿ ಮಾಡುವ ಸಂಸ್ಕಾರ) ಆದ ಮೇಲೆ ದೊತೊರ್ನ್ ಮುಗಿಯಿತು, ಸರ್ಟಿಫಿಕೇಟ್ ಸಿಕ್ಕಿತು. ನರ್ಸಕ್ಕ ಹೇಳಿದ ಅಜ್ಜಿಯನ್ನು ಹಬ್ಬಕ್ಕೆ ಕರೆದುಕೊಂಡು ಬರುವ ಕೆಲಸ ಕೊಡಿ. ನಮ್ಮ ಹುಡುಗರ ಹತ್ತಿರ ಓಮ್ನಿ ಉಂಟು.

ಪೆರ್ಲದ_ನರ್ಸಕ್ಕ
ಮೆಸೇಜ್ ಮಾಡು ಪುಟ್ಟಾ. ಓಮ್ನಿಯ ಹಿಂದಿನ ಸೀಟು ಮಡಚಲಿಕ್ಕೆ ಆಗುತ್ತದಾ ಅಂತ ಮೊದಲು ನೋಡು, ಗಾಲಿಕುರ್ಚಿ ಇಡಬೇಕು.

ಗೇರುಗುಡ್ಡೆ
ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮುಂದಿನ ಸಭೆಗೆ ನಾನು ಇಡುವ ಪ್ರಸ್ತಾಪ ಇದು. ಕಾರ್ಯಸೂಚಿ ತಲೆಕೆಳಗೆ ಮಾಡುವುದು. ಶುಭಸಂದೇಶ ಓದಿದ ಕೂಡಲೇ ಗುರಿಕಾರರು ಒಬ್ಬೊಬ್ಬರಾಗಿ ತಮ್ಮ ವಾರ್ಡಿನಲ್ಲಿ ಯಾರು ಕಾಯಿಲೆ, ಯಾರು ಬರುತ್ತಿಲ್ಲ, ಯಾರ ಮನೆಗೆ ಹೋದೆವು ಅಂತ ಹೇಳಬೇಕು. ಆಮೇಲೆ ದೊತೊರ್ನ್. ಆಮೇಲೆ ಹಾಲ್, ಲೈಟು. ಹೊತ್ತು ಸಾಲದಿದ್ದರೆ ಲೈಟು ಮುಂದಿನ ಸಭೆಗೆ ಹೋಗಲಿ. ಹಾಲಿನ ನಿಧಿಯಿಂದ ಸ್ವಲ್ಪ ತೆಗೆದು ಕಾಯಿಲೆಯವರಿಗೆ ಇಡಬೇಕು ಅಂತಲೂ ಕೇಳುತ್ತೇನೆ.

ಲೆಕ್ಕದ_ಪೊರ್ಬು
ಮೊದಲನೆಯದಕ್ಕೆ ನನ್ನ ಅಡ್ಡಿ ಇಲ್ಲ. ಎರಡನೆಯದು ಆಗುವುದಿಲ್ಲ. ನಿಯಮ 1267, ಮೂರನೇ ಭಾಗ. ದಾನಿ ಯಾವ ಉದ್ದೇಶಕ್ಕೆ ಕೊಟ್ಟನೋ ಅದಕ್ಕೇ ಖರ್ಚು ಮಾಡಬೇಕು. ಹಾಲಿಗೆ ಅಂತ ಕೊಟ್ಟ ಹಣ ಹಾಲಿಗೇ. ಬೇರೆ ನಿಧಿ ಮಾಡಿ, ನಾನೇ ಮೊದಲ ರಶೀದಿ ಹರಿಯುತ್ತೇನೆ.

ದೊತೊರ್ನ್_ಬಾಯಿ
ಹಾಲಿನ ಬಾಡಿಗೆ ದಾನ ಅಲ್ಲವಲ್ಲ ಪೊರ್ಬು? ಅದು ಆದಾಯ. 1254 ಅದಕ್ಕೆ ಬಿಗಿಯಾಗಿ ಅನ್ವಯ ಆಗುತ್ತದೆ.

ಲೆಕ್ಕದ_ಪೊರ್ಬು
ಬಾಡಿಗೆಯಲ್ಲಿ ಹಾಲಿನ ಸಾಲದ ಕಂತು ಕಟ್ಟುವುದು ಬಾಯಿ.

ದೊತೊರ್ನ್_ಬಾಯಿ
ಕಂತು ಕಟ್ಟಿ ಉಳಿದದ್ದು?

ಲೆಕ್ಕದ_ಪೊರ್ಬು
ಉಳಿದದ್ದು ಗೋಪುರದ ಲೈಟಿಗೆ ಹೋಗುತ್ತದೆ.

ದೊತೊರ್ನ್_ಬಾಯಿ
ಹಾಗಾದರೆ ಸಿಕ್ಕಿತಲ್ಲ!

ಜೀವಜಲ_ಉಪ್ಪಳ
ಗೇರುಗುಡ್ಡೆ ಅಣ್ಣಾ, ನಿಮ್ಮ ವಾರ್ಡಿನಲ್ಲಿ ಬರದವರ ಪಟ್ಟಿ ಮಾಡುವಾಗ ನನ್ನ ಅಮ್ಮನ ಹೆಸರೂ ಬರಬಹುದು. ನಾನು ಕೂಟಕ್ಕೆ ಹೋಗುತ್ತೇನೆ, ಅಮ್ಮ ಎಲ್ಲಿಗೂ ಹೋಗುವುದಿಲ್ಲ, ಕಾಲು ನೋವು. ಬಂದರೆ ಬೇಡ ಅನ್ನುವುದಿಲ್ಲ. ವಂತಿಗೆ ಪುಸ್ತಕ ತರಬೇಡಿ.

ಗೇರುಗುಡ್ಡೆ
ನಮ್ಮ ವಾರ್ಡು ಉಪ್ಪಳಕ್ಕೆ ದೂರ. ಆದರೂ ಭಾನುವಾರ ಮಧ್ಯಾಹ್ನ ಬರುತ್ತೇನೆ, ದಾರಿ ಕಳಿಸಿ.

ಕುಂಬಳೆ_ಕಡಲು
ನಾನೂ ಬರುತ್ತೇನೆ. ಗುರಿಕಾರರಿಗೆ ಬೈಕ್ ಓಡಿಸಲಿಕ್ಕೆ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತು.